ಕಲ್ಲುರಾಶಿಯೇ ಫ್ರಿಜ್!

ಥರ್ಮೋಡೈನಮಿಕ್ಸ್ ಅಂದರೆ ಬಾಯ್ಲರ್, ಟರ್ಬೈನ್ ಮತ್ತು ಪರೀಕ್ಷೆಯ ಹಿಂದಿನ ರಾತ್ರಿಯ ನಿದ್ದೆಗೇಡು ಅಂದುಕೊಂಡಿದ್ದೀರಾ? ಸೈಬೀರಿಯಾದ ಗೋರಿಗಳಲ್ಲೂ ಅದರ ಪಾಠವಿದೆ.

ರಷ್ಯಾದ ದಕ್ಷಿಣ ಅಂಚಿನ ಅಲ್ತಾಯ್ ಪರ್ವತಗಳಲ್ಲಿ 2,200 ವರ್ಷಗಳಿಗೂ ಹಿಂದೆ ಕುದುರೆ ಸಾಕುವ ಅಲೆಮಾರಿಗಳಿದ್ದರು. ಅವರು ಬರಹ ಬಿಟ್ಟುಹೋಗಲಿಲ್ಲ. ಸತ್ತ ಮುಖ್ಯಸ್ಥರನ್ನು ಆಳದ ಗುಂಡಿಯಲ್ಲಿ, ಮರದ ದಿಮ್ಮಿಗಳ ಕೋಣೆಯೊಳಗೆ ಇಟ್ಟು, ಜೊತೆಗೆ ಕುದುರೆಗಳನ್ನೂ ಹೂಳುತ್ತಿದ್ದರು. ಮೇಲೆ ದೊಡ್ಡ ಕಲ್ಲುರಾಶಿ. ಇದೇ ಕುರ್ಗಾನ್.

ಪಾಜಿರಿಕ್ ಕಣಿವೆಯ 5ನೇ ಕುರ್ಗಾನನ್ನು 1949ರಲ್ಲಿ ಸೆರ್ಗೆಯ್ ರುಡೆಂಕೊ ಅಗೆದಾಗ ಒಳಗೆ ಮಂಜುಗಡ್ಡೆ ತುಂಬಿತ್ತು. ಅದರಲ್ಲಿ ಸುಮಾರು ಎರಡು ಮೀಟರ್ ಉದ್ದಗಲದ ಉಣ್ಣೆಯ ರತ್ನಗಂಬಳಿ ಸಿಕ್ಕಿತು. ಗಂಟು ಹಾಕಿ ನೇಯ್ದ ಗಂಬಳಿಗಳಲ್ಲಿ ಬಹುಪಾಲು ಇಡಿಯಾಗಿ ಉಳಿದಿರುವ ಅತಿ ಹಳೆಯದು ಇದೇ. ಈಗ ಅದು ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಮ್ಯೂಸಿಯಂನಲ್ಲಿದೆ. ಇನ್ನೊಂದು ಗೋರಿಯಲ್ಲಿ ಹಚ್ಚೆ ಹಾಕಿದ ಮೈಚರ್ಮವೂ ಉಳಿದಿತ್ತು.

ಇವೆಲ್ಲ ಕೊಳೆಯಲಿಲ್ಲ, ಯಾಕೆ? ಕಲ್ಲುಗಳ ನಡುವೆ ಸಂದುಗಳಿವೆ. ಚಳಿಗಾಲದ ತಂಪು ಗಾಳಿ ಭಾರವಾದ್ದರಿಂದ ಅಲ್ಲಿಗೆ ಇಳಿದು, ನೆಲದ ಬಿಸಿಯನ್ನು ಮೇಲೆ ತಳ್ಳುತ್ತದೆ. ಬೇಸಿಗೆಯ ಬಿಸಿಗಾಳಿ ಹಗುರ, ಅದು ಕೆಳಗಿಳಿಯುವುದಿಲ್ಲ. ಶಾಖ ಹೊರಗೆ ಹೋಗಬಹುದು, ಒಳಗೆ ಬರುವುದು ಕಷ್ಟ. ಥೇಟ್ ಡಯೋಡ್! ಹಿಂದೆಯೇ ಕಳ್ಳರು ಕೊರೆದಿದ್ದ ಕಿಂಡಿಯಿಂದ ನೀರು ಇಳಿದು ಹೆಪ್ಪುಗಟ್ಟಿತು. ದೋಚಲು ಬಂದವರಿಂದಲೇ ಗಂಬಳಿ ಉಳಿಯಿತು.

ಈ ತತ್ವ ಇಂದಿಗೂ ಕೆಲಸಕ್ಕೆ ಬರುತ್ತಿದೆ. 2006ರಲ್ಲಿ ಟಿಬೆಟ್‌ನ ಲಾಸಾ ತಲುಪಿದ ಚೀನಾದ ರೈಲು ಮಾರ್ಗದಲ್ಲಿ, ಹೆಪ್ಪುಗಟ್ಟಿದ ನೆಲ ಕರಗದಿರಲೆಂದು ಹಲವೆಡೆ ಹಳಿಯ ಕೆಳಗೆ ಒಡೆದ ಕಲ್ಲಿನ ದಪ್ಪ ಪದರ ಹಾಕಿದ್ದಾರೆ.

ಆದರೆ ಭೂಮಿ ಬಿಸಿಯಾಗುತ್ತಿದೆ. ಮಂಜು ಕರಗಿದರೆ ಇನ್ನೂ ತೆರೆಯದ ಗೋರಿಗಳಲ್ಲಿರುವ ಬಟ್ಟೆ, ಚರ್ಮ, ಮರ ಕೊಳೆಯುತ್ತವೆ. ಬರಹ ಬಿಡದವರ ಚರಿತ್ರೆ ಇರುವುದೇ ಅವುಗಳಲ್ಲಿ. ಅಗೆದು ಉಳಿಸೋಣವೇ? ಸತ್ತವರನ್ನು ಕದಲಿಸಬೇಡಿ ಎನ್ನುತ್ತಾರೆ ಅಲ್ತಾಯ್‌ನ ಅನೇಕರು. 1993ರಲ್ಲಿ ಉಕೊಕ್ ಪ್ರಸ್ಥಭೂಮಿಯಲ್ಲಿ ಸಿಕ್ಕ ಹಚ್ಚೆಯ ಮಹಿಳೆಯ ದೇಹವನ್ನು ನೊವೊಸಿಬಿರ್ಸ್ಕ್‌ಗೆ ಒಯ್ದಿದ್ದರು. ಸ್ಥಳೀಯರ ಒತ್ತಾಯದ ಬಳಿಕ 2012ರಲ್ಲಿ ಅದು ಅಲ್ತಾಯ್‌ಗೆ ಮರಳಿತು.

ಹಾಗಾದರೆ ಅಗೆಯದೆಯೇ ಗೋರಿಗಳನ್ನು ತಂಪಾಗಿ ಇಡುವುದು ಹೇಗೆ? ಇತಿಹಾಸ ವಿಭಾಗದ ಈ ಪ್ರಶ್ನೆ ಈಗ ನಮ್ಮ ಎಂಜಿನಿಯರಿಂಗ್ ಕ್ಲಾಸಿಗೂ ಬಂದಿದೆ.