ಹಾಲಾಡಿಯಲ್ಲಿ ನನ್ನ ಸಂಜೆಗಳು

ಇಂದಿನ ಯುವಜನರಿಗೆ ಪೂಜೆಗೆ ಬಿಡುವಿಲ್ಲ, ಸಿನಿಮಾಕ್ಕೆ ಮಾತ್ರ ಬಿಡುವಿದೆ ಎಂಬ ಮಾತನ್ನು ನಮ್ಮ ಮನೆಗಳ ಹಿರಿಯರು ಆಗಾಗ ಆಡುವುದುಂಟು. ಆ ಮಾತಿನಲ್ಲಿ ಸತ್ಯವಿಲ್ಲವೆಂದು ವಾದಿಸುವುದಕ್ಕಾಗಿ ನಾನು ಈ ಲೇಖನವನ್ನು ಬರೆಯುತ್ತಿಲ್ಲ. ಅದರಲ್ಲಿ ಎಷ್ಟು ಸತ್ಯವಿದೆ, ಎಷ್ಟು ಇಲ್ಲ ಎಂಬುದನ್ನು ನನ್ನ ಅನುಭವದಿಂದಲೇ ಅಳೆದು ನೋಡುವ ಪ್ರಯತ್ನವಿದು. ನನಗೀಗ ಇಪ್ಪತ್ತಾರು ವರ್ಷ. ಹಾವೇರಿ ಜಿಲ್ಲೆಯ ಹಾನಗಲ್ಲು ತಾಲ್ಲೂಕಿನ ಶರಣ ಮನೆತನದಲ್ಲಿ ಹುಟ್ಟಿ, ನೌಕರಿಯ ನಿಮಿತ್ತ ಮೂರು ವರ್ಷಗಳಿಂದ ಕುಂದಾಪುರ ಸೀಮೆಯ ಹಾಲಾಡಿಯಲ್ಲಿ ವಾಸವಾಗಿದ್ದೇನೆ.

ಘಟ್ಟದ ಕೆಳಗಿನ ಊರು

ಬಾಳೆಬರೆ ಘಾಟಿಯನ್ನಿಳಿದು ಸಿದ್ದಾಪುರ, ಶಂಕರನಾರಾಯಣಗಳನ್ನು ದಾಟಿ ಬಂದರೆ ಹಾಲಾಡಿ ಸಿಗುತ್ತದೆ. ಸಹ್ಯಾದ್ರಿಯಲ್ಲಿ ಹುಟ್ಟಿದ ವಾರಾಹಿ ನದಿಯನ್ನು ಇಲ್ಲಿಯ ಜನ ತಮ್ಮೂರ ಹೆಸರಿನಿಂದಲೇ ಹಾಲಾಡಿ ಹೊಳೆ ಎಂದು ಕರೆಯುತ್ತಾರೆ. ಅದೇ ಹೊಳೆ ಮುಂದೆ ಬಸರೂರನ್ನು ಬಳಸಿ ಕುಂದಾಪುರದ ಬಳಿ ಕಡಲನ್ನು ಸೇರುತ್ತದೆ. ಬಸರೂರು ಒಂದು ಕಾಲಕ್ಕೆ ನಮ್ಮ ಕೆಳದಿಯ ಅರಸರ ಆಡಳಿತಕ್ಕೆ ಒಳಪಟ್ಟಿದ್ದ ಪ್ರಸಿದ್ಧ ಬಂದರು. ಘಟ್ಟದ ಕೆಳಗೆ ನಮ್ಮವರು ಯಾರಿದ್ದಾರೆ ಎಂದು ಕಣ್ಣೀರು ತಂದುಕೊಂಡ ಅವ್ವನಿಗೆ ಈ ಸಂಗತಿಯನ್ನು ಹೇಳಿಯೇ ನಾನು ಸಮಾಧಾನ ಮಾಡಿದ್ದೆ.

ಮೀನಿನೂಟದ ನಾಡಿನಲ್ಲಿ ಮಗಳ ಆಹಾರಪದ್ಧತಿ ಏನಾದೀತೋ ಎಂಬ ಚಿಂತೆಯೂ ಮನೆಯಲ್ಲಿತ್ತು. ನನಗೆ ಕೋಣೆಯನ್ನು ಬಾಡಿಗೆಗೆ ಕೊಟ್ಟ ಮನೆಯ ಹಿರಿಯಮ್ಮ ನಾನು ಕೇಳುವ ಮೊದಲೇ ನನಗೆಂದು ಬೇರೆ ಪಾತ್ರೆಗಳನ್ನು ತೆಗೆದಿರಿಸಿದ್ದರು. ಕುಚ್ಚಲಕ್ಕಿಯ ಗಂಜಿಗೆ ಮಾವಿನಮಿಡಿಯ ಉಪ್ಪಿನಕಾಯಿ ನಂಚಿಕೊಳ್ಳುವುದನ್ನು ನಾನು ಕಲಿತದ್ದು ಅವರ ಅಡುಗೆಮನೆಯಲ್ಲಿ. ಊರಿನಿಂದ ಅವ್ವ ಬಸ್ಸಿನಲ್ಲಿ ಕಳುಹಿಸಿದ ಕಟಕ ರೊಟ್ಟಿಯ ಗಂಟನ್ನು ಮೊದಲ ಸಲ ಬಿಚ್ಚಿದಾಗ ಆ ಹಿರಿಯಮ್ಮ, "ಇದ್ ಎಂತ ಹೆಣೆ, ಹಪ್ಳವಾ?" ಎಂದು ಕೇಳಿದರು. ಇಂದು ಶೇಂಗಾ ಹಿಂಡಿಯ ಡಬ್ಬಿ ಬರುವುದು ಒಂದು ದಿನ ತಡವಾದರೂ ನನಗಿಂತ ಮೊದಲು ವಿಚಾರಿಸುವವರು ಅವರೇ. ಬೆಳಗಿನ ಸ್ನಾನ, ಲಿಂಗಪೂಜೆ, ಒಂದು ಬಟ್ಟಲು ಗಂಜಿ. ಸಂಜೆ ಕೆಲಸ ಮುಗಿದ ಮೇಲೆ ಹೊಳೆಯ ಕಡೆಗೆ ಒಂದು ಸುತ್ತು, ಬಿಸಿ ಗೋಳಿಬಜೆ, ಗೆಳತಿಯರೊಡನೆ ಹರಟೆ. ನನ್ನ ದಿನಗಳ ಸಂತೋಷಗಳು ಇಷ್ಟು ಚಿಕ್ಕವು.

ಸೋಮವಾರದ ಪ್ರಶ್ನೆ

ಎಂಬತ್ತನಾಲ್ಕು ವರ್ಷದ ನಮ್ಮಜ್ಜ ಪ್ರತಿ ಸೋಮವಾರ ರಾತ್ರಿ ದೂರವಾಣಿಯಲ್ಲಿ ಮಾತನಾಡುತ್ತಾರೆ. ಅವರ ಮೊದಲ ಪ್ರಶ್ನೆ ಸದಾ ಒಂದೇ: "ಸಂಜಿಮುಂದ ಏನ್ ಮಾಡ್ತೀಯವ್ವಾ? ಪೂಜಿ ನಡದೈತಿ ಹೌದಿಲ್ಲೋ?"

ನಡೆದಿದೆ ಎಂದು ನಾನು ಹೇಳುತ್ತಿದ್ದೆ. 2024ರ ಮಳೆಗಾಲದಲ್ಲಿ ಆ ಉತ್ತರ ಸುಳ್ಳಾಗಿತ್ತು. ಕರಾವಳಿಯ ಮಳೆಯನ್ನು ಬಯಲುಸೀಮೆಯವರಿಗೆ ವರ್ಣಿಸಿ ಹೇಳುವುದು ಕಷ್ಟ. ಜೂನ್ ತಿಂಗಳಲ್ಲಿ ಹಿಡಿದ ಮಳೆ ದಿನಗಟ್ಟಲೆ ಬಿಡುವುದಿಲ್ಲ. ಯಕ್ಷಗಾನ ಮೇಳಗಳು ಬೇಸಗೆಯ ಕೊನೆಗೇ ಗೆಜ್ಜೆ ಬಿಚ್ಚಿರುತ್ತವೆ. ಗೆಳತಿಯರು ಮನೆಬಿಟ್ಟು ಹೊರಡುವುದಿಲ್ಲ. ಕೋಣೆಯಲ್ಲಿ ಒಬ್ಬಳೇ ಕುಳಿತ ನನ್ನ ಕೈಗೆ ಮೊಬೈಲು ಬಂತು. ಅರ್ಧ ನಿಮಿಷದ ಒಂದು ದೃಶ್ಯ, ಅದರ ಹಿಂದೆ ಮತ್ತೊಂದು. ಏಳು ಗಂಟೆಗೆ ಹಿಡಿದದ್ದು ಹನ್ನೊಂದಕ್ಕೂ ಕೆಳಗಿಳಿಯದು. ಸಂಜೆಯ ಪೂಜೆ ಮೊದಲು ತಡವಾಯಿತು, ಅನಂತರ ಸಂಕ್ಷಿಪ್ತವಾಯಿತು, ಶ್ರಾವಣದ ಹೊತ್ತಿಗೆ ನಿಂತೇಹೋಯಿತು. ಆ ನಾಲ್ಕು ತಾಸುಗಳಲ್ಲಿ ನಾನು ಏನನ್ನು ನೋಡಿದೆ ಎಂದು ಮರುದಿನ ಯಾರಾದರೂ ಕೇಳಿದ್ದರೆ ಒಂದನ್ನೂ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಇದೇ ಸಮಯದಲ್ಲಿ ಚಿಕ್ಕಪ್ಪನ ಮಗ, ನಾನು ಗೆಳತಿಯರೊಡನೆ ಚಿತ್ರಮಂದಿರದ ಮುಂದೆ ನಿಂತಿದ್ದ ಭಾವಚಿತ್ರವನ್ನು ಅಜ್ಜನಿಗೆ ತೋರಿಸಿಬಿಟ್ಟ. ಮೂರು ಸೋಮವಾರ ಅಜ್ಜನ ಕರೆ ಬರಲಿಲ್ಲ. ಸಿನಿಮಾ ನೋಡಿದ್ದಕ್ಕೆ ಅವರು ಮುನಿದಿದ್ದಾರೆಂದು ಮನೆಯವರೆಲ್ಲ ತಿಳಿದರು. ನನ್ನ ಅಪರಾಧ ಸಿನಿಮಾ ಅಲ್ಲ, ಅಜ್ಜನಿಗೆ ಹೇಳಿದ ಸುಳ್ಳು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ನಾಲ್ಕನೆಯ ಸೋಮವಾರ ನಾನೇ ಕರೆ ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಶಿವರಾತ್ರಿಗೆ ಅಲ್ಲಿಗೇ ಬರ್ತೀನಿ, ನಿನ್ನ ಊರು ನೋಡೂಣು" ಎಂದಷ್ಟೇ ಹೇಳಿದರು.

ರಂಗಸ್ಥಳದ ಮುಂದೆ ಅಜ್ಜ

2025ರ ಶಿವರಾತ್ರಿ ಫೆಬ್ರವರಿ 26ರಂದು ಬಂದಿತ್ತು. ಅಜ್ಜ ಹೇಳಿದಂತೆಯೇ ಬಂದು ಎಂಟು ದಿನ ನನ್ನೊಡನಿದ್ದರು. ಆ ವಾರದಲ್ಲಿ ಸಮೀಪದ ಗದ್ದೆಯಲ್ಲಿ ಒಂದು ಹರಕೆಯ ಆಟವಿತ್ತು. ಇಲ್ಲಿ ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸೌಕೂರು ಮೊದಲಾದ ಕ್ಷೇತ್ರಗಳ ಮೇಳಗಳಿವೆ. ಹಾಲಾಡಿಯದೇ ಹೆಸರಿನ ಮೇಳವೂ ಇದೆ. ಮನೆಯಲ್ಲಿ ಮಗು ಹುಟ್ಟಿದ್ದಕ್ಕೆ, ರೋಗ ವಾಸಿಯಾದದ್ದಕ್ಕೆ ಜನ ಆಟವನ್ನು ಹರಕೆ ಹೊತ್ತು ಆಡಿಸುತ್ತಾರೆ. ಅಂಥ ಬಯಲಾಟಕ್ಕೆ ಟಿಕೀಟಿಲ್ಲ. ಯಾರು ಬೇಕಾದರೂ ಬಂದು ಕುಳಿತು ನೋಡಬಹುದು. ಮನರಂಜನೆಯೊಂದು ಇಡೀ ಊರಿಗೆ ನೀಡುವ ದಾಸೋಹದಂತಿರುವುದನ್ನು ನಾನು ಇಲ್ಲಿಯೇ ಮೊದಲು ಕಂಡದ್ದು.

ಅಂದಿನ ಪ್ರಸಂಗ ಚಂದ್ರಹಾಸ ಚರಿತ್ರೆ. ಲಕ್ಷ್ಮೀಶನ ಜೈಮಿನಿ ಭಾರತದ ಈ ಕಥೆಯನ್ನು ಅಜ್ಜ ಬಾಲ್ಯದಲ್ಲೇ ಪುರಾಣಪ್ರವಚನಗಳಲ್ಲಿ ಕೇಳಿದವರು. ಹಿರಿಯಮ್ಮ ತಾವೇ ಚಾಪೆಯನ್ನು ಹೊತ್ತು ತಂದು ಅಜ್ಜನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಆಟ ಆರಂಭವಾಗುವ ಮುನ್ನ ಚೌಕಿಯಲ್ಲಿ ಗಣಪತಿಗೆ ಪೂಜೆಯಾಯಿತು. ಬಣ್ಣ ಹಚ್ಚಿದ ಕಲಾವಿದರು ಕೈಮುಗಿದು ಪ್ರಸಾದ ಸ್ವೀಕರಿಸುವುದನ್ನು ಅಜ್ಜ ನಿಂತು ನೋಡಿದರು. ಭಾಗವತರ ಪದ, ಚಂಡೆಯ ಪೆಟ್ಟು, ವೇಷಗಳ ಅಬ್ಬರ ಎಲ್ಲವನ್ನೂ ಅವರು ಗಂಭೀರವಾಗಿಯೇ ನೋಡುತ್ತಿದ್ದರು. ದುಷ್ಟಬುದ್ಧಿಯ ದೂತನಾಗಿ ಹಾಸ್ಯಗಾರ ಪ್ರವೇಶ ಮಾಡಿದ ಮೇಲೆ ಮಾತ್ರ ತಡೆಯಲಾಗಲಿಲ್ಲ. ರುಮಾಲಿನ ಸೆರಗನ್ನು ಬಾಯಿಗೆ ಹಿಡಿದು ಅವರು ನಕ್ಕ ನಗೆಯನ್ನು ನಾನು ಅಜ್ಜಿ ಲಿಂಗೈಕ್ಯರಾದ ನಂತರ ಕೇಳಿರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಟಾರ್ಚಿನ ಬೆಳಕಿನಲ್ಲಿ ನಡೆಯುತ್ತ ಅವರು ಕೇಳಿದರು: "ನಗೆಯ ಮಾರಿತಂದೆ ಯಾರು ಗೊತ್ತೇನವ್ವಾ?"

ಶರಣರ ಸಾಲಿನಲ್ಲಿ ನಗಿಸುವವನು

ಹೆಸರು ಕೇಳಿದ್ದೆ, ಹೆಚ್ಚಿಗೆ ಗೊತ್ತಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಜನರನ್ನು ನಗಿಸುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದವರು ನಗೆಯ ಮಾರಿತಂದೆಗಳು. 'ಆತುರವೈರಿ ಮಾರೇಶ್ವರ' ಎಂಬ ಅಂಕಿತದಲ್ಲಿ ಅವರ ವಚನಗಳು ನಮಗೆ ದೊರೆತಿವೆ. ವೇಷ ಹಾಕಿ ಜನರನ್ನು ರಂಜಿಸುತ್ತಿದ್ದ ಬಹುರೂಪಿ ಚೌಡಯ್ಯನವರು, ಕಿನ್ನರಿ ನುಡಿಸುತ್ತಿದ್ದ ಕಿನ್ನರಿ ಬ್ರಹ್ಮಯ್ಯನವರು ಇದೇ ಸಾಲಿನವರು. ಬಟ್ಟೆ ನೇಯುವವರು, ದೋಣಿ ನಡೆಸುವವರು, ಹಗ್ಗ ಹೊಸೆಯುವವರು ಕುಳಿತ ಪಂಕ್ತಿಯಲ್ಲೇ ನಗಿಸುವವನಿಗೂ ವೇಷಧಾರಿಗೂ ಆಸನವಿತ್ತು. ವಿನೋದವನ್ನು ನಮ್ಮ ಪರಂಪರೆ ಹೊರಗೆ ನಿಲ್ಲಿಸಲಿಲ್ಲ; ಒಳಗೆ ಕರೆದು, ಇತರ ಕಾಯಕಗಳಿಗಿರುವ ಶುದ್ಧಿಯ ನಿಯಮವನ್ನೇ ಅದಕ್ಕೂ ವಿಧಿಸಿತು. ಕೆಳದಿಯ ಬಸವಪ್ಪ ನಾಯಕರು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ'ದಲ್ಲಿ ತತ್ತ್ವವಿಚಾರದೊಂದಿಗೆ ಪಾಕಶಾಸ್ತ್ರ, ಸಂಗೀತ, ನೃತ್ಯಗಳಿಗೂ ಸ್ಥಳವಿರುವುದನ್ನು ಇಲ್ಲಿ ನೆನೆಯಬಹುದು.

ಆ ರಾತ್ರಿ ಅಜ್ಜ ತಮ್ಮ ಯೌವನದ ಒಂದು ಗುಟ್ಟನ್ನೂ ಬಿಚ್ಚಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿ ನಮ್ಮ ಭಾಗಕ್ಕೆ ಬಂದಾಗ, ಇಪ್ಪತ್ತರ ಹರೆಯದ ಅವರು ತಂದೆಗೆ ತಿಳಿಸದೆ ಹನ್ನೆರಡು ಮೈಲಿ ನಡೆದು ನಾಟಕ ನೋಡಿ ಬರುತ್ತಿದ್ದರಂತೆ. ಆಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳೂ ಬೆಳೆಸಿದ ಪುಟ್ಟರಾಜ ಗವಾಯಿಗಳೂ ನಮ್ಮ ಹಾನಗಲ್ಲು ತಾಲ್ಲೂಕಿನಲ್ಲೇ ಜನಿಸಿದ ಮಹನೀಯರು. ಇಬ್ಬರಿಗೂ ಹೊರಗಣ್ಣು ಇರಲಿಲ್ಲ. ಆಶ್ರಮದ ಅಂಧ ಮಕ್ಕಳ ಅನ್ನ, ವಿದ್ಯೆಗಳಿಗೆ ನಾಟಕದಿಂದ ಬಂದ ಹಣ ನೆರವಾಗುತ್ತಿತ್ತು. ನೋಡುವವರ ಪಾಲಿನ ಮನರಂಜನೆ ಆ ಮಕ್ಕಳ ಪಾಲಿಗೆ ದಾಸೋಹವಾಯಿತು. ಪಂಚಾಕ್ಷರಿ ಗವಾಯಿಗಳ ಜೀವನವನ್ನು ಆಧರಿಸಿದ 1995ರ ಚಲನಚಿತ್ರಕ್ಕಾಗಿ ಹಂಸಲೇಖ ಅವರಿಗೂ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿಗಳು ಬಂದವು. ಆ ಚಿತ್ರವನ್ನು ಅಜ್ಜ ಮೂರು ಸಲ ನೋಡಿದ್ದರು! "ಹಂಗಾದರ ನನ್ನ ಮ್ಯಾಲೆ ಯಾಕ ಸಿಟ್ಟಾಗಿದ್ರಿ ಅಜ್ಜಾ?" ಎಂದು ಕೇಳಿದೆ. "ಸಿಟ್ಟಲ್ಲವ್ವಾ. ನಕ್ಕು ಬಂದಾಕಿ ನಕ್ಕು ಬಂದೆ ಅಂತ ಹೇಳಬೇಕು. ಮುಚ್ಚಿಟ್ಟಿ ಅಂದ್ರ ಅದರಾಗ ಏನೋ ಕೊಳೆ ಐತಿ ಅಂತ ನಿನಗs ಅನಿಸಿರಬೇಕು ಅಂತ ಹೆದರಿಕಿ ಆತು" ಎಂದರು.

ಕಿವಿಗೆ ಬಂದದ್ದೂ ಅರ್ಪಿತವೇ

ಮರುದಿನ ಪೂಜೆಯ ನಂತರ ಅಜ್ಜ ಷಟ್‌ಸ್ಥಲದ ಅರ್ಪಣೆಯ ವಿಚಾರವನ್ನು ಸರಳವಾಗಿ ತಿಳಿಸಿದರು. ಮೂಗಿನ ಗಂಧ ಆಚಾರಲಿಂಗಕ್ಕೆ, ನಾಲಗೆಯ ರುಚಿ ಗುರುಲಿಂಗಕ್ಕೆ, ಕಣ್ಣಿನ ರೂಪ ಶಿವಲಿಂಗಕ್ಕೆ, ಚರ್ಮದ ಸ್ಪರ್ಶ ಜಂಗಮಲಿಂಗಕ್ಕೆ, ಕಿವಿಯ ಶಬ್ದ ಪ್ರಸಾದಲಿಂಗಕ್ಕೆ, ಹೃದಯದ ತೃಪ್ತಿ ಮಹಾಲಿಂಗಕ್ಕೆ. ಗಂಜಿಯ ಬಟ್ಟಲನ್ನು ಅರ್ಪಿಸಿ ಉಣ್ಣುವ ನಾವು, ಕಣ್ಣು ಕಿವಿಗಳ ಊಟವನ್ನು ಮಾತ್ರ ಅರ್ಪಿಸದೆ ಉಣ್ಣುತ್ತಿದ್ದೇವಲ್ಲವೇ ಎಂಬುದು ಅವರ ಪ್ರಶ್ನೆ. ಅರ್ಪಿಸಲು ಯೋಗ್ಯವಲ್ಲದ್ದನ್ನು ತಟ್ಟೆಗೆ ಹಾಕಿಕೊಳ್ಳದಂತೆ ಕಣ್ಣಿಗೂ ಹಾಕಿಕೊಳ್ಳಬಾರದು. ಮೊಬೈಲಿನ ಆ ನಾಲ್ಕು ತಾಸುಗಳಲ್ಲಿ ನನಗೆ ದೊರೆಯದೇ ಹೋದದ್ದು ತೃಪ್ತಿ ಎಂಬುದು ಆಗ ಅರ್ಥವಾಯಿತು. ಉಂಡಷ್ಟೂ ಹಸಿವು ಹೆಚ್ಚುವ ಊಟ ಅದಾಗಿತ್ತು.

ಅಂದಿನಿಂದ ನೋಡಿದ್ದನ್ನೆಲ್ಲ ಈ ಅಳತೆಯಲ್ಲಿ ಅಳೆಯುವ ಅಭ್ಯಾಸವಾಗಿದೆ. ಬಸರೂರಿನವರೇ ಆದ ರವಿ ಬಸ್ರೂರು ಅವರು ಯಕ್ಷಗಾನವನ್ನು ಬೆಳ್ಳಿತೆರೆಗೆ ತಂದ 'ವೀರ ಚಂದ್ರಹಾಸ' 2025ರ ಏಪ್ರಿಲ್ ತಿಂಗಳಲ್ಲಿ ಬಿಡುಗಡೆಯಾಯಿತು. ಕಂಡು ಸಂತೋಷಪಟ್ಟೆ, ಆದರೆ ಗದ್ದೆಯಲ್ಲಿ ಚಾಪೆಯ ಮೇಲೆ ಕುಳಿತು ಕೇಳಿದ ಚಂಡೆಗೆ ಚಿತ್ರಮಂದಿರದ ಚಂಡೆ ಸಮನಲ್ಲ ಎನ್ನುವುದು ನನ್ನ ಅಭಿಪ್ರಾಯ. ಅದೇ ವರ್ಷದ ಜುಲೈ ತಿಂಗಳ 'ಸು ಫ್ರಮ್ ಸೋ' ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ದೆವ್ವದ ನೆಪದಲ್ಲಿ ಊರನ್ನೆಲ್ಲ ನಗಿಸುವ ಆ ಚಿತ್ರ ಕೊನೆಗೆ ಒಬ್ಬ ಹೆಣ್ಣುಮಗಳ ಸಂಕಟದತ್ತ ನಮ್ಮ ಮುಖವನ್ನು ತಿರುಗಿಸುತ್ತದೆ. ಅಂಥ ನಗೆ ಅರ್ಪಣೆಗೆ ಸಲ್ಲುತ್ತದೆ.

ಇದೇ ಕುಂದಾಪುರ ಸೀಮೆಯ ಕೆರಾಡಿಯವರಾದ ರಿಷಬ್ ಶೆಟ್ಟಿಯವರ 'ಕಾಂತಾರ' 2022ರಲ್ಲಿ ತೆರೆಕಂಡು, ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯನ್ನು ತಂದಿತು. 2025ರ ಅಕ್ಟೋಬರಿನಲ್ಲಿ ಅದರ ಮತ್ತೊಂದು ಭಾಗ ಬಂದಾಗ, ಕೆಲವರು ದೈವದ ವೇಷ ತೊಟ್ಟು ಚಿತ್ರಮಂದಿರಗಳಲ್ಲಿ ಕುಣಿದರು. ಹಾಗೆ ಅನುಕರಿಸಬೇಡಿರೆಂದು ಚಿತ್ರ ನಿರ್ಮಿಸಿದವರೇ ಪ್ರಾರ್ಥಿಸಬೇಕಾಯಿತು. ದೈವಾರಾಧನೆ ನಮ್ಮ ಆಚರಣೆಯಲ್ಲ, ನಾವು ಇಷ್ಟಲಿಂಗನಿಷ್ಠರು. ಆದರೂ ನೆರೆಮನೆಯವರು ಕೈಮುಗಿಯುವುದನ್ನು ಆಟಿಕೆ ಮಾಡಿಕೊಂಡವರನ್ನು ಕಂಡು ನನಗೂ ನೋವಾಯಿತು. ನಮ್ಮ ವಿಭೂತಿ, ರುದ್ರಾಕ್ಷಿಗಳನ್ನು ಯಾರಾದರೂ ಹಾಗೆ ಬಳಸಿದರೆ ನಮಗಾಗುವ ನೋವೇ ಅದು.

ಈಗಿನ ಸೋಮವಾರಗಳು

ಈಗ ನನ್ನ ಸಂಜೆಗೆ ಒಂದು ಕ್ರಮ ಬಂದಿದೆ. ದೀಪ ಹಚ್ಚುವ ಹೊತ್ತಿಗೆ ಮೊಬೈಲನ್ನು ಹಿರಿಯಮ್ಮನ ಗಡಿಯಾರದ ಗೂಡಿನಲ್ಲಿಟ್ಟು ಪೂಜೆಗೆ ಕೂರುತ್ತೇನೆ. ಪೂಜೆ, ಊಟಗಳು ಮುಗಿದ ಮೇಲೆ ಮನಸ್ಸಿದ್ದರೆ ಚಿತ್ರವೊಂದನ್ನು ಪೂರ್ತಿಯಾಗಿ, ಸಾಧ್ಯವಾದರೆ ಹಿರಿಯಮ್ಮನ ಜೊತೆಯಲ್ಲಿ ನೋಡುತ್ತೇನೆ. 2025ರ ಮಳೆಗಾಲದಲ್ಲಿ ಐದು ಸಂಜೆ ಪೂಜೆ ತಪ್ಪಿದೆ. ಐದನ್ನೂ ಅಜ್ಜನಿಗೆ ಹೇಳಿದ್ದೇನೆ.

ಮಕ್ಕಳನ್ನು ಪರವೂರಿಗೆ ಕಳುಹಿಸಿರುವ ತಂದೆತಾಯಂದಿರಲ್ಲಿ ನನ್ನದೊಂದು ವಿನಂತಿ. ಪೂಜೆ ನಡೆದಿದೆಯೇ ಎಂದು ಅವಶ್ಯವಾಗಿ ಕೇಳಿರಿ. ಅದರೊಂದಿಗೆ ಏನನ್ನು ನೋಡಿದೆ, ಯಾವುದಕ್ಕೆ ನಕ್ಕೆ ಎಂದೂ ಕೇಳಿರಿ. ಎರಡನೆಯ ಪ್ರಶ್ನೆ ಕೇಳುವ ಮನೆಯಲ್ಲಿ ಮೊದಲನೆಯದಕ್ಕೆ ಸುಳ್ಳು ಹೇಳುವ ಪ್ರಸಂಗ ಬರಲಾರದು.

ಅಜ್ಜನ ಕರೆ ಈಗಲೂ ಪ್ರತಿ ಸೋಮವಾರ ಬರುತ್ತದೆ. ಪೂಜೆಯ ಪ್ರಶ್ನೆ ಮೊದಲಿನಂತೆಯೇ ಇದೆ. ಅದರ ಹಿಂದೆಯೇ ಇನ್ನೊಂದು ಸೇರಿಕೊಂಡಿದೆ: "ಈ ವಾರ ಆಟ ಎಲ್ಲೈತಿ? ಆ ನಗಸಾವ ಬರ್ತಾನೇನು?"