ತುಕ್ಕು ಹಿಡಿದಷ್ಟೂ ನೀರು ಶುದ್ಧ!

ಬೋರಿನ ಪೈಪು, ನೇಗಿಲಿನ ಕುಳ, ಹಿತ್ತಲ ಗೇಟು, ತುಕ್ಕು ತಿನ್ನದೆ ಬಿಟ್ಟದ್ದು ಯಾವುದು? ಅದೇ ತುಕ್ಕು ನೆಲದಾಳದ ವಿಷವನ್ನೂ ನುಂಗುತ್ತದೆಂದರೆ? ಪಂಪು ಬೇಡ, ಥ್ರೀ ಫೇಸ್ ಕರೆಂಟಿಗಾಗಿ ನಿದ್ದೆಗೆಡುವುದೂ ಬೇಡ!

ಇದು ಸಿಕ್ಕಿದ್ದೇ ಆಕಸ್ಮಿಕ. 1980ರ ದಶಕ, ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ. ಬಾವಿಯ ನೀರು ಪರೀಕ್ಷೆಗೆ ತೆಗೆಯುವ ಕೊಳವೆಗಳೇ ಆ ನೀರಿನ ಗುಣ ಬದಲಿಸುತ್ತವೆಯೇ ಎಂದು ಗ್ಲೆನ್ ರೆನಾಲ್ಡ್ಸ್ ಎಂಬ ವಿದ್ಯಾರ್ಥಿ ನೋಡುತ್ತಿದ್ದ. ಪ್ಲಾಸ್ಟಿಕ್ಕು ರಾಸಾಯನಿಕ ಹೀರೀತು, ಸರಿ. ಲೋಹದ ಜೊತೆ ಇಟ್ಟ ನೀರಿನಲ್ಲೂ ಅದು ಮಾಯ! ಗುರು ರಾಬರ್ಟ್ ಗಿಲ್ಹಮ್ ಈ ಎಳೆ ಹಿಡಿದು ಹೊರಟರು. 1991ರಲ್ಲಿ ಒಂಟಾರಿಯೊದ ಬೋರ್ಡನ್‌ನಲ್ಲಿ, 22% ಕಬ್ಬಿಣ, ಉಳಿದದ್ದು ಮರಳು ಬೆರೆಸಿ ನೆಲದೊಳಗೆ ಗೋಡೆ ಹೂತರು. ಅದನ್ನು ಹಾಯ್ದ ನೀರಿನಲ್ಲಿ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ ಸುಮಾರು 90% ಇಳಿದಿತ್ತು.

ಗೋಡೆಯೆಂದರೆ ನೀರನ್ನು ತಡೆಯುವಂಥದ್ದಲ್ಲ. ಅಂತರ್ಜಲ ಹರಿಯುವ ದಾರಿಗೆ ಅಡ್ಡಲಾಗಿ ಕಾಲುವೆ ತೋಡಿ ಕಬ್ಬಿಣದ ಕಾಳು ತುಂಬಿದರೆ ಆಯಿತು. ನೀರು ತಾನಾಗಿ ತೂರಿಹೋಗುತ್ತದೆ. ಯಾವ ಕಬ್ಬಿಣ ಅಂತೀರಿ? ಬೀಡು ಕಬ್ಬಿಣವನ್ನು ಲೇತಿನಲ್ಲಿ ಕಡೆದಾಗ ಉದುರುವ ಚೂರು! ನಮ್ಮ ಬೆಳಗಾವಿಯ ಉದ್ಯಮಬಾಗದಲ್ಲಿ ಗುಜರಿಗೆ ಹೋಗುವಂಥ ಮಾಲು.

ಇನ್ನು ಕ್ರೋಮಿಯಂ. ಆರರ ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಕರಗಿ ದೂರದೂರ ಸಾಗುವ, ಕ್ಯಾನ್ಸರ್ ತರುವ ವಿಷ. ತುಕ್ಕು ಹಿಡಿಯುತ್ತಾ ಕಬ್ಬಿಣ ಬಿಟ್ಟುಕೊಡುವ ಮೂರು ಎಲೆಕ್ಟ್ರಾನು ಸಿಕ್ಕರೆ ಸಾಕು, ಅದು ಮೂರರ ವೇಲೆನ್ಸಿಗೆ ಇಳಿದು, ತುಕ್ಕಿನ ಜೊತೆಗೇ ಗಟ್ಟಿಯಾಗಿ ಕೂತುಬಿಡುತ್ತದೆ. 1996ರ ಜೂನಿನಲ್ಲಿ ಅಮೆರಿಕದ ಎಲಿಜಬೆತ್ ಸಿಟಿಯಲ್ಲಿ, ಲೋಹಲೇಪನದ ಹಳೆಯ ಶೆಡ್ಡೊಂದರ ಪಕ್ಕ, 46 ಮೀಟರ್ ಉದ್ದ, 7.3 ಮೀಟರ್ ಆಳದ ಇಂಥ ಗೋಡೆ ಇಳಿಸಿದರು. ದಪ್ಪ ಬರೀ 0.6 ಮೀಟರ್! 15 ವರ್ಷವಾದರೂ ಅದು ಕ್ರೋಮಿಯಂ ಹಿಡಿಯುತ್ತಲೇ ಇತ್ತು.

ಅದೇ ಲೋಹಲೇಪನ, ಅದೇ ಕ್ರೋಮಿಯಂ ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲೂ ಇದೆ. ತಮಿಳುನಾಡಿನ ರಾಣಿಪೇಟೆಯಲ್ಲಿ, ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯ ತ್ಯಾಜ್ಯದ ರಾಶಿಯಿಂದ ಇಳಿದದ್ದೂ ಇದೇ. ತೊಗಲು ಹದ ಮಾಡುವವರಿಗೆ ಬೇಕಾದ ಕ್ರೋಮ್ ಉಪ್ಪಿನ ಮೂಲ ಇಂಥ ಕಾರ್ಖಾನೆಗಳು. ನಮ್ಮ ಅಥಣಿಯ ಚಪ್ಪಲಿ ನೋಡಿ, ಜಾಲಿ ತೊಗಟೆ, ಅಳಲೆಕಾಯಿಯ ರಸದಲ್ಲಿ ಹದಗೊಂಡ ತೊಗಲು! ಕ್ರೋಮಿನ ಹಂಗೇ ಇಲ್ಲ.

ಹಾಗಂತ ಕಬ್ಬಿಣ ಎಲ್ಲದಕ್ಕೂ ಮದ್ದಲ್ಲ. ಮರಳು, ಮೆದು ಮಣ್ಣಿನ ನೆಲವಾದರೆ ಗೋಡೆ ಸಲೀಸು. ಪೀಣ್ಯದ ಬಂಡೆಯಲ್ಲೋ, ಎರಿ ಮಣ್ಣಿನ ಕೆಳಗಿನ ನಮ್ಮ ಕರಿಕಲ್ಲಿನಲ್ಲೋ ನೀರು ಬಿರುಕು ಹಿಡಿದು ಓಡುತ್ತದೆ. ಅಡ್ಡ ಹಾಕುವುದು ಎಲ್ಲಿ? ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳ ಸವಳನ್ನಂತೂ ಕಬ್ಬಿಣ ಮುಟ್ಟುವುದೇ ಇಲ್ಲ. ಗೊಬ್ಬರದಿಂದ ಇಳಿದ ನೈಟ್ರೇಟನ್ನು ಮುಟ್ಟುತ್ತದೆ, ಆದರೆ ಬಹುಪಾಲು ಅಮೋನಿಯಂ ಮಾಡಿ ಕೈಬಿಡುತ್ತದೆ. ನೈಟ್ರೇಟಿಗೆ ವಾಟರ್‌ಲೂದವರು 1990ರ ದಶಕದಲ್ಲಿ ಹೂತ ಗೋಡೆಯೇ ಬೇರೆ. ಮರದ ಹೊಟ್ಟಿನದು! ಹೊಟ್ಟು ತಿಂದು ಬದುಕುವ ಬ್ಯಾಕ್ಟೀರಿಯಾ ನೈಟ್ರೇಟನ್ನು ಮುರಿದು, ನಾವು ಉಸಿರಾಡುವ ಗಾಳಿಯಲ್ಲಿರುವ ಅದೇ ನೈಟ್ರೋಜನ್ ಆಗಿಸಿ ಹೊರಬಿಡುತ್ತವೆ.