ಪೆಟ್ಟಿಗೆಯ ಮೇಲೆ 18, ಮೈಕ್‌ಗೆ ನಾಲ್ಕೇ: ಮನೆಯಲ್ಲಿ ಧ್ವನಿಮುದ್ರಣಕ್ಕೆ ಇಳಿಯುವ ಮುನ್ನ

ಬೆಂಗಳೂರು: ಸ್ಟುಡಿಯೋ ಬಾಡಿಗೆಯ ಗೊಡವೆಯಿಲ್ಲದೆ ಮನೆಯಲ್ಲೇ ಹಾಡು, ಕಛೇರಿಗಳನ್ನು ಧ್ವನಿಮುದ್ರಿಸಿ ಅಂತರ್ಜಾಲಕ್ಕೆ ಏರಿಸುವ ಕಲಾವಿದರು ಈಗ ರಾಜ್ಯದ ಬಹುತೇಕ ನಗರಗಳಲ್ಲಿದ್ದಾರೆ. ಒಬ್ಬರೇ ಹಾಡಿ ತಾವೇ ಗಿಟಾರ್ ನುಡಿಸುವವರಿಗೆ ಎರಡು ಮೈಕ್ ಜೋಡಿಸಬಹುದಾದ ಚಿಕ್ಕ ಸಾಧನ ಸಾಕು. ಅದರ ಆಯ್ಕೆಯಲ್ಲಿ ಎಡವುವುದೂ ಕಡಿಮೆ. ಆದರೆ ಗಾಯಕಿ, ಪಿಟೀಲು, ಮೃದಂಗ, ತಂಬೂರಿ ಒಂದೇ ಕೋಣೆಯಲ್ಲಿ ಒಟ್ಟಿಗೆ ಕೂತಾಗ ಪ್ರಶ್ನೆ ಜಟಿಲವಾಗುತ್ತದೆ. ಅಲ್ಲಿ ಬೇಕಾಗುವುದು ಹಲವು ಚಾನೆಲ್‌ಗಳ ಆಡಿಯೋ ಇಂಟರ್‌ಫೇಸ್. ಇದರ ಬೆಲೆ ಹೆಚ್ಚು, ಜಾಹೀರಾತಿನ ಅಂಕಿಗಳು ದಾರಿ ತಪ್ಪಿಸುವಂಥವು. ಅದಕ್ಕಿಂತ ಮುಖ್ಯವಾಗಿ, ಮುದ್ರಣದ ದಿನ ಉಳಿದುಹೋದ ಕೊರತೆಯನ್ನು ಆಮೇಲೆ ತುಂಬಿಕೊಳ್ಳುವುದು ಬಲು ಕಷ್ಟ.

ಈ ಸಾಧನ ಮಾಡುವ ಕೆಲಸವನ್ನು ಮೊದಲು ತಿಳಿಯಬೇಕು. ಮೈಕ್‌ನಿಂದ ಹೊರಡುವ ವಿದ್ಯುತ್ ಸಂಕೇತ ಅತ್ಯಂತ ದುರ್ಬಲವಾದದ್ದು. ಅದನ್ನು ಬಲಪಡಿಸುವ ಭಾಗಕ್ಕೆ ಪ್ರಿಆಂಪ್ ಎಂದು ಹೆಸರು. ಬಲಗೊಂಡ ಸಂಕೇತವನ್ನು ಅಂಕಿಗಳಾಗಿ ಪರಿವರ್ತಿಸಿ ಯುಎಸ್‌ಬಿ ತಂತಿಯ ಮೂಲಕ ಕಂಪ್ಯೂಟರಿಗೆ ತಲುಪಿಸುವುದು ಇಂಟರ್‌ಫೇಸ್‌ನ ಮುಂದಿನ ಕೆಲಸ. ಪ್ರತಿ ಮೈಕ್‌ನ ನಾದವೂ ಪ್ರತ್ಯೇಕ ಟ್ರ್ಯಾಕ್ ಆಗಿ ದಾಖಲಾಗುವುದರಿಂದ, ಮೃದಂಗ ಜೋರಾಯಿತೆಂದು ಕಂಡರೆ ಗಾಯನಕ್ಕೆ ಹೆಚ್ಚು ಧಕ್ಕೆಯಾಗದಂತೆ ಅದೊಂದನ್ನೇ ತಗ್ಗಿಸಬಹುದು.

ಒಮ್ಮೆ ಬೆರೆತುಹೋದ ನಾದವನ್ನು ಮತ್ತೆ ಬಿಡಿಸುವ ತಂತ್ರಾಂಶಗಳು ಬಂದಿವೆಯಲ್ಲ ಎಂದು ಕೇಳಬಹುದು. ಬಂದಿರುವುದು ನಿಜ. 2019ರಲ್ಲಿ ಡೀಜರ್ ಸಂಸ್ಥೆ ಬಿಡುಗಡೆ ಮಾಡಿದ ಸ್ಪ್ಲೀಟರ್ ಅಂಥದ್ದೊಂದು. ಆದರೆ ಅದರ ಪ್ರಸಿದ್ಧ ನಾಲ್ಕು ವಿಭಾಗಗಳೆಂದರೆ ಗಾಯನ, ಡ್ರಮ್ಸ್, ಬಾಸ್ ಮತ್ತು ‘ಇತರೆ’. ಪಾಶ್ಚಾತ್ಯ ಜನಪ್ರಿಯ ಸಂಗೀತಕ್ಕೆ ಹೊಂದುವ ವಿಂಗಡಣೆಯಿದು. ಗಾಯಕರ ಸ್ವರವನ್ನು ನೆರಳಿನಂತೆ ಹಿಂಬಾಲಿಸುವ ಪಿಟೀಲನ್ನು ಈ ವಿಂಗಡಣೆಯಿಂದ ಅಚ್ಚುಕಟ್ಟಾಗಿ ಬೇರ್ಪಡಿಸಬಹುದೆಂದು ನಂಬಿ ಕೂರುವಂತಿಲ್ಲ.

ಅಂಕಿಗಳ ಮರ್ಮ

ಬ್ರಿಟನ್ನಿನ ಫೋಕಸ್‌ರೈಟ್ ಸಂಸ್ಥೆ ತನ್ನ ಸ್ಕಾರ್ಲೆಟ್ ಶ್ರೇಣಿಯ ನಾಲ್ಕನೇ ಪೀಳಿಗೆಯಲ್ಲಿ 2024ರಲ್ಲಿ ಮೂರು ದೊಡ್ಡ ಮಾದರಿಗಳನ್ನು ಹೊರತಂದಿತು: 16ಐ16, 18ಐ16 ಮತ್ತು 18ಐ20. ನಡುವಿನ ‘ಐ’ಗೆ ಮುಂಚಿನ ಅಂಕಿ ಒಳಬರುವ ಚಾನೆಲ್‌ಗಳದ್ದು, ನಂತರದ್ದು ಹೊರಹೋಗುವವುಗಳದ್ದು. ಹೆಸರನ್ನಷ್ಟೇ ನೋಡಿದರೆ ಮೂರೂ ಹೆಚ್ಚುಕಡಿಮೆ ಒಂದೇ ಸಾಮರ್ಥ್ಯದವು ಎನಿಸುತ್ತದೆ. ವಾಸ್ತವದಲ್ಲಿ ಮೊದಲನೆಯದಕ್ಕೆ ಜೋಡಿಸಬಹುದಾದ ಮೈಕ್‌ಗಳು ಎರಡು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಎಂಟು.

ಇದರಲ್ಲಿ ಮೋಸವೇನೂ ಇಲ್ಲ, ಲೆಕ್ಕದ ರೀತಿಯೇ ಹಾಗೆ. 18ಐ16ರ ಹದಿನೆಂಟರಲ್ಲಿ ನಾಲ್ಕು ಮೈಕ್‌ಗೆ ಮೀಸಲು, ಇನ್ನು ನಾಲ್ಕು ಲೈನ್ ಇನ್‌ಪುಟ್‌ಗಳು, ಎಂಟು ಅಡಾಟ್ ಎಂಬ ಬೆಳಕಿನ ತಂತಿಯ ಮೂಲಕ ಬರುವಂಥವು, ಉಳಿದೆರಡು ಮತ್ತೊಂದು ಬಗೆಯ ಡಿಜಿಟಲ್ ಸಂಪರ್ಕದವು. ಲೈನ್ ಇನ್‌ಪುಟ್ ಎಂದರೆ ಕೀಬೋರ್ಡ್, ಎಲೆಕ್ಟ್ರಾನಿಕ್ ತಂಬೂರಿಯಂತಹ, ಆಗಲೇ ಬಲವಾದ ಸಂಕೇತ ಕೊಡುವ ಸಾಧನಗಳಿಗಾಗಿ ಇರುವಂಥದ್ದು. ಅಲ್ಲಿಗೆ ಮೈಕ್ ಸಿಕ್ಕಿಸಿದರೆ ಕೇಳುವುದು ಪಿಸುಮಾತಿನಂತಹ ಸದ್ದು. ಅಡಾಟ್ ಮತ್ತು ಇನ್ನೊಂದು ಡಿಜಿಟಲ್ ಸಂಪರ್ಕಕ್ಕಂತೂ ಬೇರೊಂದು ಯಂತ್ರವೇ ಬೇಕು. ಜರ್ಮನಿ ಮೂಲದ ಬೆಹ್ರಿಂಗರ್‌ನ ಯುಎಂಸಿ1820ರಲ್ಲೂ ಇದೇ ಬಗೆಯ ಲೆಕ್ಕ: ಒಳಬರುವ ಹದಿನೆಂಟರಲ್ಲಿ ಮೈಕ್‌ಗೆ ಎಂಟೇ. ಆದ್ದರಿಂದ ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಚಾನೆಲ್?’ ಎಂಬುದಲ್ಲ, ‘ಎಷ್ಟು ಮೈಕ್ ಪ್ರಿಆಂಪ್?’ ಎಂಬುದು.

ಇನ್ನೂ ಒಂದು ಗೊಂದಲವಿದೆ. ಯುಎಸ್‌ಬಿ ಕಿಂಡಿಯಿರುವ ಮಿಕ್ಸರ್ ಕೊಂಡರೆ ಎರಡೂ ಕೆಲಸ ಆಗುತ್ತದೆಂಬ ಭಾವನೆ ಹಲವರಲ್ಲಿದೆ. ಉದಾಹರಣೆಗೆ ಯಮಾಹಾ ಎಂಜಿ10ಎಕ್ಸ್‌ಯು ಹತ್ತು ಚಾನೆಲ್‌ಗಳ ಮಿಕ್ಸರ್. ಆದರೆ ಯುಎಸ್‌ಬಿ ಮೂಲಕ ಅದು ಕಂಪ್ಯೂಟರಿಗೆ ಕಳುಹಿಸುವುದು ಎಲ್ಲವೂ ಬೆರೆತ ಎರಡು ಚಾನೆಲ್‌ಗಳನ್ನು ಮಾತ್ರ. ಸಭೆ ಸಮಾರಂಭಗಳಿಗೆ ಅದು ಒಳ್ಳೆಯ ಸಾಧನವೇ. ಪ್ರತ್ಯೇಕ ಟ್ರ್ಯಾಕ್‌ಗಳ ಆಸೆಯಿಂದ ಕೊಳ್ಳುವವರಿಗೆ ಮಾತ್ರ ನಿರಾಸೆ ಕಾದಿದೆ. ಪ್ರತಿ ಚಾನೆಲ್ ಅನ್ನೂ ಬೇರೆಬೇರೆಯಾಗಿ ಮುದ್ರಿಸುವ ಟ್ಯಾಸ್ಕಾಮ್ ಮಾಡೆಲ್ 12ರಂತಹ ಮಿಕ್ಸರ್‌ಗಳೂ ಇವೆ. ವಿವರಣೆಯಲ್ಲಿ ‘ಮಲ್ಟಿಟ್ರ್ಯಾಕ್’ ಎಂಬ ಪದ ಇದೆಯೇ ಎಂದು ನೋಡಿಕೊಳ್ಳುವುದು ಅಗತ್ಯ.

ಕಛೇರಿಗೆ ಎಷ್ಟು ಮೈಕ್?

ಈಗ ಮನೆಯ ಲೆಕ್ಕಕ್ಕೆ ಬರೋಣ. ಗಾಯನಕ್ಕೆ ಒಂದು, ಪಿಟೀಲಿಗೆ ಒಂದು. ಮೃದಂಗದ ಎಡ-ಬಲ ಮುಖಗಳ ನಾದ ಪೂರ್ತಿ ಭಿನ್ನವಾದ್ದರಿಂದ ಅದಕ್ಕೆ ಎರಡು. ಅಲ್ಲಿಗೆ ಮೈಕ್ ನಾಲ್ಕಾಯಿತು. ಬೆಂಗಳೂರಿನ ರಾಡೆಲ್ ಸಂಸ್ಥೆ ತಯಾರಿಸುವಂತಹ ಎಲೆಕ್ಟ್ರಾನಿಕ್ ತಂಬೂರಿಗೆ ಹೊರಸಂಪರ್ಕದ ಕಿಂಡಿ ಇದ್ದರೆ ಮೈಕ್ ಬೇಕಿಲ್ಲ, ಲೈನ್ ಇನ್‌ಪುಟ್ ಸಾಕು. ಅಂದರೆ ನಾಲ್ಕು ಪ್ರಿಆಂಪ್ ಹಾಗೂ ಒಂದೆರಡು ಲೈನ್ ಇನ್‌ಪುಟ್ ಇರುವ ಸಾಧನ ಸಾಧಾರಣ ಕಛೇರಿಗೆ ಸರಿಯಾಗಿ ಹೊಂದುತ್ತದೆ. ಸುಗಮ ಸಂಗೀತದವರಿಗೂ ಇದೇ ಅಳತೆ: ಗಾಯನ, ಕೊಳಲು, ತಬಲಾ ಜೋಡಿಗೆ ನಾಲ್ಕು ಮೈಕ್, ಕೀಬೋರ್ಡಿಗೆ ಎರಡು ಲೈನ್.

ಆದರೆ ಘಟವೋ ಖಂಜಿರವೋ ಸೇರಿದರೆ, ಅಥವಾ ಸಹಗಾಯನಕ್ಕೆ ಶಿಷ್ಯರೊಬ್ಬರು ಕೂತರೆ ನಾಲ್ಕು ಸಾಲದು. ಐದು ಅಥವಾ ಆರು ಪ್ರಿಆಂಪ್ ಇರುವ ಸಾಧನಗಳು ವಿರಳ, ಮುಂದಿನ ಮೆಟ್ಟಿಲು ಸಾಮಾನ್ಯವಾಗಿ ಎಂಟು. ವರ್ಷಕ್ಕೊಮ್ಮೆ ಬರುವ ಘಟಕ್ಕಾಗಿ ಎಂಟರದನ್ನೇ ಕೊಳ್ಳಬೇಕೆಂದಿಲ್ಲ. ಅಡಾಟ್ ಕಿಂಡಿ ಇರುವ ನಾಲ್ಕರ ಸಾಧನ ಕೊಂಡಿದ್ದರೆ, ಬೆಹ್ರಿಂಗರ್ ಎಡಿಎ8200ರಂತಹ ಪ್ರತ್ಯೇಕ ಪ್ರಿಆಂಪ್ ಪೆಟ್ಟಿಗೆಯನ್ನು ಮುಂದೆಂದಾದರೂ ಸೇರಿಸಿ ಇನ್ನೂ ಎಂಟು ಮೈಕ್‌ಗೆ ಜಾಗ ಮಾಡಿಕೊಳ್ಳಬಹುದು. ಪೆಟ್ಟಿಗೆಯ ಮೇಲಿನ ಹದಿನೆಂಟಕ್ಕೆ ಆಗ ಅರ್ಥ ಬರುತ್ತದೆ. ಎರಡು ಯಂತ್ರಗಳು ಒಂದೇ ಗಡಿಯಾರದ ಲಯಕ್ಕೆ ನಡೆಯುವಂತೆ ಒಂದನ್ನು ಯಜಮಾನನನ್ನಾಗಿ ನಿಗದಿಪಡಿಸಬೇಕು. ಇಲ್ಲವಾದರೆ ನಡುನಡುವೆ ಟಿಕ್ ಟಿಕ್ ಸದ್ದು ಸೇರಿಕೊಳ್ಳುತ್ತದೆ.

ಅಡಾಟ್ ಕಿಂಡಿಯಿಲ್ಲದ ಎರಡು ಇಂಟರ್‌ಫೇಸ್‌ಗಳನ್ನು ಒಂದೇ ಕಂಪ್ಯೂಟರಿಗೆ ಸಿಕ್ಕಿಸಿ ಕೆಲಸ ಸಾಧಿಸುವ ಯೋಚನೆ ಬೇಡ. ವಿಂಡೋಸ್‌ನಲ್ಲಿ ಧ್ವನಿಮುದ್ರಣ ತಂತ್ರಾಂಶಗಳು ಸಾಮಾನ್ಯವಾಗಿ ಒಮ್ಮೆಗೆ ಒಂದೇ ಏಸಿಯೋ ಚಾಲಕವನ್ನು ಬಳಸುತ್ತವೆ. ಮ್ಯಾಕ್‌ನಲ್ಲಿ ಎರಡನ್ನು ಕೂಡಿಸುವ ಸೌಲಭ್ಯವಿದೆ, ನಿತ್ಯದ ಕೆಲಸಕ್ಕೆ ಅದೂ ಅಷ್ಟು ನೆಮ್ಮದಿಯದಲ್ಲ.

ವೀಣೆಗೆ, ಮ್ಯಾಂಡೊಲಿನ್‌ಗೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿಕೊಳ್ಳುವವರು ಒಂದು ವಿಶೇಷ ಸೌಲಭ್ಯ ಗಮನಿಸಬೇಕು. ಗಿಟಾರ್‌ಗೆಂದು ಕೊಟ್ಟಿರುವ ‘ಇನ್‌ಸ್ಟ್ರುಮೆಂಟ್’ ಗುಂಡಿ ಎಷ್ಟು ಚಾನೆಲ್‌ಗಳಲ್ಲಿದೆ ಎಂದು ಕೇಳಿ. ಸಾಮಾನ್ಯ ಇನ್‌ಪುಟ್‌ಗೆ ನೇರವಾಗಿ ಜೋಡಿಸಿದರೆ ಅಂಥ ಮೈಕ್‌ನ ನಾದ ತೆಳುವಾಗಿ, ತಗಡಿನಂತೆ ಕೇಳುತ್ತದೆ.

ವಿದ್ಯುತ್ತಿನ ವಿಚಾರ

ಕಂಡೆನ್ಸರ್ ಜಾತಿಯ ಮೈಕ್‌ಗಳಿಗೆ ಇಂಟರ್‌ಫೇಸ್‌ನಿಂದಲೇ 48 ವೋಲ್ಟ್ ವಿದ್ಯುತ್ ಹರಿಯಬೇಕು. ಇದಕ್ಕೆ ಫ್ಯಾಂಟಮ್ ಪವರ್ ಎನ್ನುತ್ತಾರೆ. ಶೂರ್ ಎಸ್‌ಎಂ58ರಂತಹ ಡೈನಾಮಿಕ್ ಮೈಕ್‌ಗಳಿಗೆ ಇದು ಬೇಕಿಲ್ಲ. ಒಂದು ಮೈಕ್ ಗರಿಷ್ಠ 10 ಮಿಲಿ ಆಂಪಿಯರ್ ಎಳೆಯಬಹುದು ಎಂಬುದು ಮಾನದಂಡ. ಅಂದರೆ ಅರ್ಧ ವ್ಯಾಟ್‌ಗೆ ಹತ್ತಿರ, ಎಂಟು ಮೈಕ್‌ಗೆ ಸುಮಾರು 3.8 ವ್ಯಾಟ್. ಯುಎಸ್‌ಬಿ 2.0 ಕಿಂಡಿ ಕೊಡುವುದು 5 ವೋಲ್ಟ್‌ನಲ್ಲಿ 500 ಮಿಲಿ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್ ಮಾತ್ರ. ಎಂಟು ಮೈಕ್‌ಗಳ ಸಾಧನಗಳಿಗೆ ಪ್ರತ್ಯೇಕ ಅಡಾಪ್ಟರ್ ಇರುವುದು ಇದಕ್ಕಾಗಿಯೇ. ಲ್ಯಾಪ್‌ಟಾಪ್‌ನ ಬ್ಯಾಟರಿ ಇದೆಯೆಂದು ಧೈರ್ಯದಿಂದಿದ್ದವರಿಗೆ ರಾಗಾಲಾಪನೆಯ ನಡುವೆ ಕರೆಂಟ್ ಹೋದಾಗ ಇದರ ಬಿಸಿ ತಟ್ಟುತ್ತದೆ. ಇಂಟರ್‌ಫೇಸ್‌ಗೂ ಯುಪಿಎಸ್ ಸಂಪರ್ಕ ಇರಲಿ.

ಹಲವು ಸಾಧನಗಳಲ್ಲಿ ಫ್ಯಾಂಟಮ್ ಪವರ್‌ನ ಒಂದು ಗುಂಡಿ ಏಕಕಾಲಕ್ಕೆ ನಾಲ್ಕು ಚಾನೆಲ್‌ಗಳಿಗೆ ಅನ್ವಯಿಸುತ್ತದೆ. ಸರಿಯಾದ ಮೂರು ಪಿನ್‌ಗಳ ತಂತಿಯಿದ್ದರೆ ಡೈನಾಮಿಕ್ ಮೈಕ್‌ಗೆ ಇದರಿಂದ ಹಾನಿಯಿಲ್ಲ. ಹಳೆಯ ರಿಬ್ಬನ್ ಮೈಕ್ ಇಟ್ಟುಕೊಂಡವರು ಮಾತ್ರ ಎಚ್ಚರ ವಹಿಸಬೇಕು.

ಬೇಡದ ಚಿಂತೆಗಳು

ಲೇಟೆನ್ಸಿ, ಅಂದರೆ ನಾದವು ಕಂಪ್ಯೂಟರ್ ಒಳಹೊಕ್ಕು ಹೆಡ್‌ಫೋನ್‌ಗೆ ಮರಳುವಾಗ ಆಗುವ ವಿಳಂಬದ ಬಗ್ಗೆ ಮಾರಾಟಗಾರರು ಬಹಳ ಮಾತನಾಡುತ್ತಾರೆ. 48 ಕಿಲೋಹರ್ಟ್ಜ್‌ನಲ್ಲಿ 1024 ಸ್ಯಾಂಪಲ್‌ಗಳ ಬಫರ್ ಇಟ್ಟರೆ ಒಂದು ದಿಕ್ಕಿಗೆ 21 ಮಿಲಿಸೆಕೆಂಡ್, ಹೋಗಿ ಬರುವಷ್ಟರಲ್ಲಿ 40ಕ್ಕೂ ಹೆಚ್ಚು. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುವುದರಿಂದ, ಮೃದಂಗದವರು ಹದಿನಾಲ್ಕು ಮೀಟರ್ ದೂರ ಕೂತು ನುಡಿಸಿದಂತೆ ಇದು. ತಾಳ ಹಿಡಿಯುವುದು ಅಸಾಧ್ಯ ಎಂಬುದೇನೋ ಸರಿ. ಆದರೆ ಒಂದೇ ಕೋಣೆಯಲ್ಲಿ ಕೂತ ಮೇಳಕ್ಕೆ ಹೆಡ್‌ಫೋನ್‌ನ ಹಂಗೇ ಇಲ್ಲ. ಅವರು ಒಬ್ಬರನ್ನೊಬ್ಬರು ನೇರವಾಗಿ ಕೇಳುತ್ತಿರುತ್ತಾರೆ. ಮೊದಲೇ ಮುದ್ರಿಸಿದ ತಾಳಕ್ಕೆ ಆಮೇಲೆ ಹಾಡು ಸೇರಿಸುವವರಿಗೆ ಮಾತ್ರ ಈ ಸಮಸ್ಯೆ. ಅವರಿಗೂ ಕಂಪ್ಯೂಟರನ್ನು ಬಳಸದೆ ನೇರವಾಗಿ ಕೇಳಿಸುವ ‘ಡೈರೆಕ್ಟ್ ಮಾನಿಟರಿಂಗ್’ ವ್ಯವಸ್ಥೆ ಇಂದಿನ ಬಹುತೇಕ ಸಾಧನಗಳಲ್ಲಿದೆ.

192 ಕಿಲೋಹರ್ಟ್ಜ್ ಎಂಬ ದೊಡ್ಡ ಅಂಕಿಗೂ ಮರುಳಾಗಬೇಕಿಲ್ಲ. ಸಿ.ಡಿ.ಯ ಪ್ರಮಾಣ 44.1, ವಿಡಿಯೋ ಜೊತೆಗೆ ಬಳಸುವುದು 48. ಮನೆಯ ಕೆಲಸಕ್ಕೆ ಇಷ್ಟು ಸಾಕು. 96ಕ್ಕೆ ಏರಿಸಿದರೆ ಅಡಾಟ್‌ನ ಎಂಟು ಚಾನೆಲ್‌ಗಳು ನಾಲ್ಕಕ್ಕೆ ಇಳಿಯುತ್ತವೆ ಎಂಬುದನ್ನು ಅಂಗಡಿಯವರು ಹೇಳುವುದು ಅಪರೂಪ. ನಿಜವಾಗಿ ನೆರವಾಗುವುದು 24 ಬಿಟ್ ಆಳ. 16 ಬಿಟ್‌ನಲ್ಲಿ ಸೈದ್ಧಾಂತಿಕವಾಗಿ 96 ಡೆಸಿಬೆಲ್ ಇರುವ ಏರಿಳಿತದ ವ್ಯಾಪ್ತಿ ಇದರಲ್ಲಿ 144ಕ್ಕೆ ಹಿಗ್ಗುತ್ತದೆ. ಹಾಗಾಗಿ ತನಿ ಆವರ್ತನದ ಅತಿ ಜೋರಿನ ಪೆಟ್ಟು ಕೂಡ ಮಾಪಕದಲ್ಲಿ ಮೈನಸ್ 12ರ ಆಸುಪಾಸು ನಿಲ್ಲುವಂತೆ ತಗ್ಗಿಸಿ ಇಟ್ಟರೂ ಮಂದ್ರಸ್ಥಾಯಿಯ ಗಾಯನ ಗೊರಗೊರ ಸದ್ದಿನಲ್ಲಿ ಮುಳುಗುವುದಿಲ್ಲ. ಈ ಪ್ರಮಾಣದಲ್ಲಿ ಆರು ಟ್ರ್ಯಾಕ್‌ಗಳ ಒಂದು ಗಂಟೆಯ ಮುದ್ರಣಕ್ಕೆ ಸುಮಾರು 3 ಗಿಗಾಬೈಟ್ ಜಾಗ ಬೇಕು.

ಯುಎಸ್‌ಬಿ 2.0 ಹಳೆಯದಾಯಿತೆಂಬ ಆತಂಕವೂ ಅನಗತ್ಯ. 24 ಬಿಟ್, 48 ಕಿಲೋಹರ್ಟ್ಜ್‌ನ 18 ಚಾನೆಲ್‌ಗಳಿಗೆ ಸೆಕೆಂಡಿಗೆ 21 ಮೆಗಾಬಿಟ್ ಸಾಕು. ಆ ಕಿಂಡಿಯ ಘೋಷಿತ ವೇಗ 480. ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಫೈರ್‌ವೈರ್ ಸಾಧನಗಳಿಂದ ಮಾತ್ರ ದೂರವಿರಬೇಕು, ಇಂದಿನ ಕಂಪ್ಯೂಟರ್‌ಗಳಲ್ಲಿ ಆ ಕಿಂಡಿಯೇ ಇಲ್ಲ.

ಇಷ್ಟೆಲ್ಲ ಆದರೂ ಇಂಟರ್‌ಫೇಸ್ ಮಾಡಲಾರದ ಕೆಲಸವೊಂದಿದೆ. ಮೈಕ್ ಎಂಟಾದ ಮಾತ್ರಕ್ಕೆ ಎಂಟು ನಾದಗಳು ಬೇರೆಯಾಗುವುದಿಲ್ಲ. ಹತ್ತು ಅಡಿಯ ಕೋಣೆಯಲ್ಲಿ ಗಾಯಕಿಯ ಮೈಕ್‌ಗೂ ಮೃದಂಗ ಕೇಳಿಸುತ್ತದೆ. ವಾದ್ಯಕ್ಕೂ ಮೈಕ್‌ಗೂ ಇರುವ ಅಂತರದ ಕನಿಷ್ಠ ಮೂರು ಪಟ್ಟು ಅಂತರ ಮೈಕ್‌ನಿಂದ ಮೈಕ್‌ಗೆ ಇರಬೇಕೆಂಬುದು ಧ್ವನಿಮುದ್ರಕರು ಪಾಲಿಸುವ ಲೆಕ್ಕ. ಅಷ್ಟು ಜಾಗವಿಲ್ಲದ ಮನೆಯಲ್ಲಿ ಎಂಟು ಚಾನೆಲ್‌ಗೆ ಹಣ ಸುರಿಯುವ ಬದಲು ನಾಲ್ಕರದನ್ನು ಕೊಂಡು, ಉಳಿದ ಹಣವನ್ನು ಒಳ್ಳೆಯ ಮೈಕ್‌ಗೆ, ಗೋಡೆಗೆ ಇಳಿಬಿಡುವ ದಪ್ಪ ಪರದೆಗೆ, ನೆಲದ ಜಮಖಾನಕ್ಕೆ ಹಾಕುವುದೇ ಜಾಣತನ ಎನಿಸುತ್ತದೆ.

ಕೊಳ್ಳುವಾಗ ಭಾರತದ ಅಧಿಕೃತ ವಾರಂಟಿ ಇದೆಯೇ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಬೇಕು. ತಮ್ಮ ಕಂಪ್ಯೂಟರಿನ ವಿಂಡೋಸ್ ಅಥವಾ ಮ್ಯಾಕ್ ಆವೃತ್ತಿಗೆ ತಯಾರಕರ ಚಾಲಕ ತಂತ್ರಾಂಶ ಲಭ್ಯವಿದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಮನೆಗೆ ತಂದ ಮೇಲೆ ಒಂದೇ ಮೈಕ್ ಅನ್ನು ಸರದಿಯಂತೆ ಎಲ್ಲ ಚಾನೆಲ್‌ಗಳಿಗೂ ಜೋಡಿಸಿ, ಫ್ಯಾಂಟಮ್ ಪವರ್ ಸಹಿತ ಪರೀಕ್ಷಿಸಿ, ಬಳಿಕ ಎಲ್ಲ ಚಾನೆಲ್‌ಗಳನ್ನೂ ತೆರೆದು ಒಂದು ಗಂಟೆ ನಿಲ್ಲಿಸದೆ ಮುದ್ರಿಸಿ ನೋಡಿ. ವಾಪಸು ಕೊಡುವ ಅವಧಿ ಮುಗಿಯುವುದರೊಳಗೆ ಈ ಕೆಲಸ ಆಗಲಿ.